ಮೊದಲು ಕಾಲು ತಗೀರಿ

ಮೊದಲು ಕಾಲು ತಗೀರಿ.
ನಾನೂ ಅದನ್ನ ಮಾಡಿದೆ.
ಮುಂಜಾನಿ ಬಲ್ಬ್ ಹಚ್ಚಿ ಮಗ್ಗದ ಕುಣಿಗೆ ಕಾಲಿಳಿಸಿದರ
ತುಳಿಹಲಗಿ ಮ್ಯಾಲ ಏನೋ ಬೆಚ್ಚಗ,
ಏನೋ ಹಸಿ, ಏನೋ ಉಸಿರಾಡೂದು.
ಬೆಟಗೇರಿಯಾಗ ಇಪ್ಪತ್ತಾರು ವರ್ಷ ನೇದೀನಿ,
ಮಗ್ಗ ಉಸಿರಾಡಿದ್ದು ಅವತ್ತ ಕಂಡೆ.

ಬೂದಿ ಬಣ್ಣದ ಬೆಕ್ಕು. ಬಲಗಿವಿ ಹರಿದಿತ್ತು.
ಹೊಟ್ಟಿಗವುಚಿ ಮೂರು ಮರಿ, ಇನ್ನೂ ಕಣ್ಣು ತೆರೀದವು,
ಸಿಕ್ಕಾದ ನೂಲಿನಂಗ ಒಂದಕ್ಕೊಂದು ಸುತ್ತಿಕೊಂಡು.
ಅದು ನನ್ನ ನೋಡಿತು.
ಬಾಡಿಗಿ ಕೇಳಾಕ ಬಂದವರನ್ನ ನಾ ನೋಡತೀನಲ್ಲ,
ಹಂಗ.

ಆಮ್ಯಾಲ ಯಾರನ್ನೂ ಕೇಳಬ್ಯಾಡ್ರಿ. ನಾ ಕೇಳಿದೆ.
ಓಣಿ ಅನ್ನೂ ಓಣಿ ಬಂತು.
"ಚೀಲದಾಗ ಹಾಕಿ ಸ್ಟೇಷನ್ನಿನ ಆಚೆ ಬಿಟ್ಟು ಬಾ" ಅಂದ ತುಳಜಾಸಾ.
"ಮುಟ್ಟಿದರ ಮರೀನ ತಾಯೀನ ತಿಂತೈತಿ" ಅಂದಳು ದ್ಯಾಮವ್ವ.
"ಸತ್ತರ ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕವಾ"
ಅಂದ್ರು ಮೂಲಿಮನಿ ಅಜ್ಜಾರು;
ನನ್ನ ಕಿವಿಯಾಗಿನ ಗುಂಜಿ ಬಂಗಾರ ಎಲ್ಲಾರೂ ಒಮ್ಮೆ ನೋಡಿದ್ರು.
ಹುಸೇನಬಿ ಏನೂ ಅನ್ನಲಿಲ್ಲ.
ಹಳೇ ದುಪ್ಪಟ್ಟಾ ತಂದು ಕುಣಿ ದಂಡಿಗಿಟ್ಟು
ಒಲಿಮ್ಯಾಲ ಅನ್ನ ಐತಿ ಅಂತ ಓಡಿದಳು.

ದನದ ದವಾಖಾನಿ ಕಂಪೌಂಡರ್ ಫೋನಿನಾಗ ನಕ್ಕ.
ಹಾಲು ಬ್ಯಾಡ, ಹೊಟ್ಟಿ ಕೆಡತೈತಿ. ನೀರಿಡ್ರಿ.
ಅನ್ನದಾಗ ಒಂದು ತತ್ತಿ ಕಲಸ್ರಿ. ಕತ್ತಲಿ ಇರಲಿ.
ಮರಿ ಮೊಲಿ ಬಿಟ್ಟಮ್ಯಾಲ ತಾಯೀನ ತಗೊಂಡು ಬರ್ರಿ,
ಆಪರೇಶನ್ ಮಾಡೂಣು.
"ಮಗ್ಗ?" ಅಂದೆ.
"ಅದು ನನ್ನ ಖಾತೆ ಅಲ್ರಿ."

ನಮ್ಮ ಓಣಿಗೆ ನಳ ಬರೂದು ಹನ್ನೆರಡು ದಿನಕ್ಕೊಮ್ಮೆ.
ಅವತ್ತ ಒಂಬತ್ತನೇ ದಿನ.
ವಾಟಿ ಕೊಡದ ತಳಕ್ಕ ಬಡಿದು ಸಪ್ಪಳಾತು.
ಮೊದಲನೇ ವಾಟಿ ಅದಕ್ಕ ಹೋತು. ಯಾಕಂತ ಕೇಳಬ್ಯಾಡ್ರಿ.
ಹಡೆದ ದಿನದ್ದು ನನಗ ಮೊದಲು ನೆನಪಿಗೆ ಬರೂದು
ಮಗಳಲ್ಲ, ನೀರಡಿಕಿ.

ಹೆಸರಿಡಬ್ಯಾಡ್ರಿ, ಆಮ್ಯಾಲ ಕಷ್ಟ.
ಮಗಳು ಕೇಳಬೇಕಲ್ಲ: ಹಾಸು, ಹೊಕ್ಕು,
ಮೂರನೇದು ಬಾಕಿ.
ಸಾವುಕಾರರ ಸೀರಿಗೆ ಸೆರಗು ಬಾಕಿ, ಮಂಗಳವಾರದ ಮಾತು ಬಾಕಿ,
ನಾನು ಕಟ್ಟಿಮ್ಯಾಲ ಕುಂತು ರಾಟಿ ತಿರುವಿಕೋತ
ಓಣಿಯ ಮಗ್ಗದ ಸಪ್ಪಳ ಎಣಿಸಿದೆ.
ನಮ್ಮ ಮನಿ ಒಂದ ಬಾಯಿ ಮುಚ್ಚಿಕೊಂಡಿತ್ತು.

ಸಾವುಕಾರ ಬಂದ. ಬೈದ. ಕೂಲಿ ಮುರಿದ.
ಹೋಗೂಮುಂದ ಮೊಣಕಾಲು ಹಿಡಕೊಂಡು ಬಗ್ಗಿ ನೋಡಿದ.
"ಇಲಿ ಹಿಡೀತಾವೇನು ಇವು?
ಗೋದಾಮಿನಾಗ ನೂಲು ಕಡದು ಹಾಳು ಮಾಡ್ಯಾವು.
ಒಂದು ನನಗಿಡು."
ಮುರಿದ ಕೂಲಿ ಮಾತ್ರ ತಿರುಗಿ ಬರಲಿಲ್ಲ.

ಬೆಕ್ಕು ಮರಿಗೆ ಏಳು ಮನಿ ತೋರಸ್ತೈತಂತ.
ಹನ್ನೊಂದನೇ ರಾತ್ರಿ ಕರೆಂಟ್ ಹೋದಾಗ
ಒಂದೊಂದನ್ನ ಬಾಯಾಗ ಕಚ್ಚಿ, ಗ್ವಾಡಿ ಹತ್ತಿ,
ಹುಸೇನಬಿ ಮಾಳಿಗಿಗೆ.
ನಾ ಎಚ್ಚರ ಇದ್ದೆ. ಎದ್ದು ದೀಪ ಹಚ್ಚಲಿಲ್ಲ.
ಇದೇ ಊರಾಗ ನಾನೂ ಆರು ಮನಿ ಬಿಟ್ಟಾಕಿ:
ಟ್ರಂಕು, ರಾಟಿ, ಬಗಲಾಗ ಮಗಳು,
ಯಾರೂ ಏಳೂದರೊಳಗ ಹೊಂಡತಿದ್ವಿ.
ಬೆಕ್ಕಿನ ಬಿಡಾರ ಬ್ಯಾರೆ ಅಂತ ಸುಮ್ಮನ ಅಂದಿಲ್ಲ.

ಬಾಕಿ ಉಳೀತು.
ಮರೆತಿತೋ, ಬಿಟ್ಟಿತೋ, ಬೆಳಗಾದಮ್ಯಾಲ ಬರೂದಿತ್ತೋ.
ತಾಸು ಕಾದ್ವಿ. ಎರಡು ತಾಸು.
ಮಗಳು ದುಪ್ಪಟ್ಟಾದಾಗ ಸುತ್ತಿ ಮಾಳಿಗಿಗೆ ಒಯ್ದು
ದೂರ ಸರಿದು ನಿಂತಳು.
ಬಂತಂತ, ಮೂಸಿತಂತ,
ಮಗಳನ್ನೂ ಒಂದ್ಸಲ ಮೂಸಿತಂತ.

ಸೆರಗು ಆ ದಿನಾನ ಮುಗಿಸಿದೆ.
ಕೆಂಪಿನ ನಡುವ ಎಲ್ಲೋ ಒಂದು ಬೂದಿ ಕೂದಲ
ನೇದು ಹೋಗೈತಿ. ಕಂಡಿದ್ದೆ, ತಗೀಲಿಲ್ಲ.
ಯಾವ ಊರ ಮದವಿಗೆ ಹೋತೋ ಆ ಸೀರಿ,
ಯಾರು ಉಟ್ಟರೋ.

ಈಗೂ ದಿನಾ ಮುಂಜಾನಿ ಕುಣಿಗೆ ಮೊದಲು ಕೈ ಇಳಸತೀನಿ.
ಖಾಲಿ, ತಣ್ಣಗ.
ಆಮ್ಯಾಲ ಕಾಲು.